ಮೊದಲು ಕಿರ್ದಿ, ಆಮೇಲೆ ಟಿಕೆಟ್

1980ರ ದಶಕದ ಆರಂಭದಲ್ಲಿ ದೆಹಲಿಯ ಆರ್.ಕೆ. ಪುರದಲ್ಲೋ ಲೋಧಿ ಕಾಲೊನಿಯಲ್ಲೋ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಕನ್ನಡಿಗರ ಮನೆಗೆ ಬೇಸಿಗೆ ರಜೆ ರಿಸರ್ವೇಷನ್ ಕ್ಯೂನಲ್ಲೇ ಶುರುವಾಗುತ್ತಿತ್ತು. ಮಕ್ಕಳ ಪರೀಕ್ಷೆಯ ಕೊನೆಯ ದಿನ ಗೊತ್ತಾದ ಕೂಡಲೇ ಮನೆಯವರಲ್ಲೊಬ್ಬರು ಅರ್ಧ ದಿನ ರಜೆ ಹಾಕಿ, ಬೆಳಗಾಗುವ ಮುಂಚೆ ಎದ್ದು ರಿಸರ್ವೇಷನ್ ಕಚೇರಿಗೆ ಹೋಗಬೇಕು. ಯಾವ ರೈಲಿಗೆ ಯಾವ ಕಿಟಕಿ ಎಂದು ಮೊದಲು ವಿಚಾರಿಸಬೇಕು. ತಪ್ಪು ಕಿಟಕಿಯ ಮುಂದೆ ಎರಡು ಗಂಟೆ ನಿಂತರೆ ಆ ಎರಡು ಗಂಟೆ ದಂಡ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವ ಟಿಕೆಟ್ ಸಿಕ್ಕಿತು ಅಂದುಕೊಂಡರೂ ವಾಪಸು ಬರುವ ಟಿಕೆಟ್ಟಿನ ಚಿಂತೆ ಉಳಿದೇ ಇರುತ್ತಿತ್ತು. ಬೆಂಗಳೂರಿನಿಂದ ಹೊರಡುವ ರೈಲಿನ ಲೆಕ್ಕ ದೆಹಲಿಯಲ್ಲಿ ಇರುವುದಿಲ್ಲವಲ್ಲ. ಆ ಕಡೆಗೆ ಟೆಲಿಗ್ರಾಂ ಹೋಗಿ, ಉತ್ತರ ಬರುವವರೆಗೆ ಕಾಯಬೇಕಿತ್ತು.

ಕಿಟಕಿಯ ಆಚೆ ಕೂತ ಗುಮಾಸ್ತರ ಮುಂದೆ ದಪ್ಪ ರಿಜಿಸ್ಟರುಗಳು. ಒಂದು ರೈಲಿಗೆ, ಒಂದು ತಾರೀಖಿಗೆ ಇಷ್ಟು ಪುಟ ಎಂದು ಲೆಕ್ಕ. ಅವರು ಫಾರಂ ನೋಡಿ, ಆ ತಾರೀಖಿನ ಪುಟ ತೆಗೆದು, ಖಾಲಿ ಬರ್ತಿನ ಎದುರು ಹೆಸರು, ವಯಸ್ಸು, ಟಿಕೆಟ್ ನಂಬರ್ ಬರೆಯುತ್ತಿದ್ದರು. ಬರೆದಾದ ಮೇಲೆ ಸಣ್ಣ ರಟ್ಟಿನ ಟಿಕೆಟ್ ಕಿಟಕಿಯಿಂದ ಆಚೆ ಬರುತ್ತಿತ್ತು. ಈ ಕ್ರಮ ತಿರುಗುಮುರುಗಾಗುವಂತಿಲ್ಲ. ಟಿಕೆಟ್ ಕೊಟ್ಟು, ಹೆಸರನ್ನು ಆಮೇಲೆ ಬರೆದರಾಯಿತು ಎಂದು ಬಿಟ್ಟರೆ, ನಡುವೆ ಊಟದ ಬೆಲ್ ಹೊಡೆದರೂ ಸಾಕು, ಒಂದೇ ಬರ್ತಿಗೆ ಇಬ್ಬರು ಹಕ್ಕುದಾರರು ಹುಟ್ಟಿಕೊಳ್ಳುತ್ತಿದ್ದರು.

ಕರ್ನಾಟಕದ ಮಂಡಿಗಳಲ್ಲಿ, ಹಳೆಯ ಕಿರಾಣಿ ಅಂಗಡಿಗಳಲ್ಲಿ ಲೆಕ್ಕ ಕಲಿತವರಿಗೆ ಈ ಕ್ರಮ ಹೊಸದಲ್ಲ. ಅಲ್ಲಿ ಎರಡು ಪುಸ್ತಕ. ಒಂದು ರೋಜು ಕಿರ್ದಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಬರೆಯುವುದು. ಇನ್ನೊಂದು ಖಾತೆ ಪುಸ್ತಕ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂದು ಹೆಸರುವಾರು ಜೋಡಿಸುವುದು. ವ್ಯಾಪಾರದ ಭರಾಟೆಯಲ್ಲಿ ಖಾತೆ ತೆಗೆದು ಪುಟ ಹುಡುಕಲು ಪುರುಸೊತ್ತಿರುವುದಿಲ್ಲ. ಕಿರ್ದಿಗೆ ಒಂದು ಸಾಲು ಹಾಕಿಬಿಟ್ಟರೆ ಸಾಕು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದನ್ನು ನೋಡಿಕೊಂಡು ಖಾತೆಗೆ ಏರಿಸಬಹುದು. ಕಿರ್ದಿ ಇದ್ದರೆ ಖಾತೆಯನ್ನು ಮತ್ತೆ ಕಟ್ಟಬಹುದು. ಕಿರ್ದಿಗೆ ಬೀಳದೆ ನಡೆದ ವ್ಯವಹಾರಕ್ಕೆ ಮಾತ್ರ ದೇವರೇ ಸಾಕ್ಷಿ.

ದೆಹಲಿಯ ರೈಲ್ವೆ ರಿಸರ್ವೇಷನ್ ಕಾಗದದಿಂದ ಕಂಪ್ಯೂಟರಿಗೆ ಹೋದ ನಾಲ್ಕು ದಶಕಗಳ ಚರಿತ್ರೆಯನ್ನು ಈ ಕಿರ್ದಿಯ ಕಡೆಯಿಂದ ಓದಬಹುದು. ಟಿಕೆಟ್ ಎಂದರೆ ರೈಲ್ವೆ ಕೊಟ್ಟ ಮಾತು. ಮಾತು ಕೊಡುವ ಮೊದಲು ಅದು ಅಳಿಯದ ಜಾಗದಲ್ಲಿ ದಾಖಲಾಗಿರಬೇಕು. ದಾಖಲಾಗುವವರೆಗೆ ಕಾಯಬೇಕು. ಕಾದರೆ ಕ್ಯೂ ಬೆಳೆಯುತ್ತದೆ.

ಯಾವ ಕಿಟಕಿಯಲ್ಲಾದರೂ ಯಾವ ರೈಲಾದರೂ

ಕಂಪ್ಯೂಟರ್ ರಿಸರ್ವೇಷನ್ ಪ್ರಯೋಗಾರ್ಥವಾಗಿ ಶುರುವಾದದ್ದು 1985ರಲ್ಲಿ, ನವದೆಹಲಿಯಲ್ಲಿ. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಉದ್ದಿಮೆಯಾಗಿದ್ದ ಸಿಎಂಸಿ. 1975ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ಹೆಸರು ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. ವಿದೇಶಿ ಬಂಡವಾಳದ ನಿಯಮಗಳಿಗೆ ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋದಾಗ, ಅದು ಬಿಟ್ಟುಹೋದ ಯಂತ್ರಗಳ ರಿಪೇರಿ ಸಿಎಂಸಿಯ ಪಾಲಿಗೆ ಬಂತು. ರಿಪೇರಿಯಿಂದ ಶುರುಮಾಡಿದ ಸಂಸ್ಥೆ ಕೆಲವೇ ವರ್ಷಗಳಲ್ಲಿ ದೇಶದ ಅತಿ ದೊಡ್ಡ ಸಾರ್ವಜನಿಕ ಕಂಪ್ಯೂಟರ್ ವ್ಯವಸ್ಥೆಗಳಲ್ಲೊಂದನ್ನು ಕಟ್ಟಿತು. ಅದಕ್ಕೆ ಇಟ್ಟ ಹೆಸರು ಇಂಪ್ರೆಸ್. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ವ್ಯಾಕ್ಸ್ ಯಂತ್ರಗಳ ಮೇಲೆ, ವಿಎಂಎಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಡಿ, ಫೋರ್ಟ್ರಾನ್ ಭಾಷೆಯಲ್ಲಿ ಬರೆದ ತಂತ್ರಾಂಶ ಅದು.

ಪ್ರಯಾಣಿಕರ ಕಣ್ಣಿಗೆ ಬಿದ್ದ ಬದಲಾವಣೆ ಒಂದೇ: ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೆಟ್ಟಾದರೂ ಸಿಗತೊಡಗಿತು. ಕಾಗದದ ರಿಜಿಸ್ಟರ್ ಒಮ್ಮೆಗೆ ಒಬ್ಬ ಗುಮಾಸ್ತರ ಕೈಯಲ್ಲಿ ಮಾತ್ರ ಇರಬಲ್ಲದು. ರೈಲಿಗೊಂದು ಕಿಟಕಿ ಎಂಬ ನಿಯಮ ಹುಟ್ಟಿದ್ದೇ ಅದರಿಂದ. ಈಗ ರಿಜಿಸ್ಟರ್ ಯಂತ್ರದೊಳಗೆ ಹೋಗಿತ್ತು. ಹತ್ತಾರು ಟರ್ಮಿನಲ್ಲುಗಳು ಒಂದೇ ಪುಟವನ್ನು ಕೇಳಿದರೂ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಯಂತ್ರವೇ ನಿಭಾಯಿಸುತ್ತಿತ್ತು.

ಕಾಗದದ ಕಾಲದಲ್ಲಿ ಯಾರೂ ಕೇಳಬೇಕಾಗಿಲ್ಲದ ಪ್ರಶ್ನೆಯೊಂದು ಇಲ್ಲಿ ಎದ್ದಿತು. ಗುಮಾಸ್ತರು ಕೀಲಿ ಒತ್ತಿದಾಗ ಪ್ರಯಾಣಿಕರ ಹೆಸರು ಎಲ್ಲಿ ಬೀಳುತ್ತದೆ? ಪೆನ್ನಿನಿಂದ ಬರೆದದ್ದು ಬರೆದ ಕ್ಷಣದಲ್ಲೇ ಕಾಗದದ ಮೇಲಿರುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದು ಮೊದಲು ಬೀಳುವುದು ಮೆಮೊರಿಗೆ. ಮೆಮೊರಿ ಬಲು ಚುರುಕು, ಆದರೆ ಕರೆಂಟು ಹೋದರೆ ಅದರಲ್ಲಿದ್ದದ್ದೆಲ್ಲ ಹೋಯಿತು. ಉಳಿಯಬೇಕಾದರೆ ಡಿಸ್ಕಿಗೆ ಹೋಗಬೇಕು. ಆ ಕಾಲದ ದೊಡ್ಡ ಡಿಸ್ಕುಗಳು ನಿಮಿಷಕ್ಕೆ 3,600 ಸುತ್ತು ತಿರುಗುತ್ತಿದ್ದವು. ಅಂದರೆ ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡು. ಓದು-ಬರಹದ ತೋಳು ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರಬೇಕು. ಒಂದು ಬರಹಕ್ಕೆ ಒಂದು ಸುತ್ತು ಕಾದರೂ ಸೆಕೆಂಡಿಗೆ 60 ಬರಹಗಳೇ ಮಿತಿ. ಒಂದು ಟಿಕೆಟ್ಟಿಗೆ ಒಂದೇ ಬರಹ ಸಾಲುವುದೂ ಇಲ್ಲ: ಬರ್ತಿನ ಲೆಕ್ಕ ಬದಲಾಗಬೇಕು, ಪ್ರಯಾಣಿಕರ ವಿವರ ಸೇರಬೇಕು, ಗುಮಾಸ್ತರ ನಗದು ಲೆಕ್ಕ ಏರಬೇಕು.

ಇಲ್ಲಿ ಒಂದು ಆಸೆ ತಲೆಯೆತ್ತುತ್ತದೆ. ಮೆಮೊರಿಗೆ ಬಿದ್ದ ಕೂಡಲೇ “ಆಯಿತು” ಎಂದು ಹೇಳಿ ಟಿಕೆಟ್ ಮುದ್ರಿಸಿಬಿಟ್ಟರೆ ಹೇಗೆ? ಡಿಸ್ಕಿಗೆ ಬರೆಯುವುದನ್ನು ಸ್ವಲ್ಪ ಹೊತ್ತಿನ ಮೇಲೆ, ಪುರುಸೊತ್ತಾದಾಗ ಮಾಡಿದರಾಯಿತು. ಕ್ಯೂ ಸರಸರನೆ ಕರಗುತ್ತದೆ. ಸಾಮಾನ್ಯ ದಿನಗಳಲ್ಲಿ ಯಾರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ತಿಳಿಯುವುದು ಯಂತ್ರ ನಿಂತ ದಿನ. ಆ ಕೆಲವು ಸೆಕೆಂಡುಗಳಲ್ಲಿ ಮಾರಿದ ಟಿಕೆಟ್ಟುಗಳು ಜನರ ಜೇಬಿನಲ್ಲಿರುತ್ತವೆ, ಯಂತ್ರದ ನೆನಪಿನಲ್ಲಿ ಇರುವುದಿಲ್ಲ. ಯಂತ್ರ ಮತ್ತೆ ಎದ್ದು ಅದೇ ಬರ್ತುಗಳನ್ನು ಇನ್ನೊಬ್ಬರಿಗೆ ಮಾರುತ್ತದೆ. ಜಗಳ ನಡೆಯುವುದು ಎರಡು ತಿಂಗಳ ನಂತರ, ರಾತ್ರಿ ರೈಲಿನ ಬೋಗಿಯೊಳಗೆ, ಮಕ್ಕಳು ಮರಿ ಕಟ್ಟಿಕೊಂಡ ಎರಡು ಕುಟುಂಬಗಳ ನಡುವೆ.

ಎರಡು ಮನೆತನ

ಈ ಆಸೆಗೆ ಸಂಬಂಧಿಸಿದಂತೆ ಕಂಪ್ಯೂಟರ್ ಲೋಕದಲ್ಲಿ ಆಗಲೇ ಎರಡು ರೂಢಿಗಳಿದ್ದವು. ಯೂನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಪ್ರೋಗ್ರಾಂ “ಬರೆ” ಎಂದರೆ ವ್ಯವಸ್ಥೆ ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ತಕ್ಷಣ “ಆಯಿತು” ಎನ್ನುತ್ತದೆ. ಹಿನ್ನೆಲೆಯಲ್ಲಿ ಓಡುವ ಇನ್ನೊಂದು ಪ್ರೋಗ್ರಾಂ ಸುಮಾರು 30 ಸೆಕೆಂಡಿಗೊಮ್ಮೆ ಕೂಡಿಟ್ಟದ್ದನ್ನೆಲ್ಲ ಡಿಸ್ಕಿಗೆ ಇಳಿಸುತ್ತಿತ್ತು. ಈಗಲೇ ಇಳಿಸು, ಇಳಿದ ಮೇಲೆಯೇ ಹೇಳು ಎಂದು ಒಂದು ಫೈಲಿನ ಮಟ್ಟಿಗೆ ಹಟ ಹಿಡಿಯಲು ಎಫ್‌ಸಿಂಕ್ ಎಂಬ ಆದೇಶ ಬಂದದ್ದು 1983ರ ಬರ್ಕ್ಲಿ ಯೂನಿಕ್ಸಿನಲ್ಲಿ. ಸಂಶೋಧಕರ, ವಿದ್ಯಾರ್ಥಿಗಳ ನಡುವೆ ಬೆಳೆದ ಯೂನಿಕ್ಸಿಗೆ ಅರ್ಧ ನಿಮಿಷದ ಕೆಲಸ ಕಳೆದುಹೋಗುವುದು ಸಹಿಸಬಹುದಾದ ನಷ್ಟವಾಗಿತ್ತು.

ವ್ಯಾಕ್ಸ್ ಯಂತ್ರಗಳ ವಿಎಂಎಸ್ ಇದಕ್ಕೆ ತದ್ವಿರುದ್ಧ. ಹಲವರು ಹಂಚಿಕೊಂಡು ಬಳಸುವ ದಾಖಲೆ ಫೈಲುಗಳಲ್ಲಿ ಬದಲಾವಣೆ ಡಿಸ್ಕಿಗೆ ತಲುಪಿದ ಮೇಲೆಯೇ ಕೆಲಸ ಮುಗಿಯಿತು ಎನ್ನುವುದು ಅಲ್ಲಿಯ ರೂಢಿ. ತಡಮಾಡಿ ಬರೆಯಲು ಅವಕಾಶವಿತ್ತು, ಆದರೆ ಬೇಕೆಂದು ಕೇಳಿ ಪಡೆಯಬೇಕಿತ್ತು. ಮುಂದೆ 1990ರ ದಶಕದಲ್ಲಿ ವಿಎಂಎಸ್‌ಗೆ ವ್ಯವಸ್ಥೆಯ ಮಟ್ಟದ ಕ್ಯಾಶ್ ಬಂದಾಗಲೂ ಅದು ಓದುವುದನ್ನು ಮಾತ್ರ ಚುರುಕು ಮಾಡಿತು. ಬರೆಯುವುದು ನೇರವಾಗಿ ಡಿಸ್ಕಿಗೇ ಹೋಗುತ್ತಿತ್ತು. ಯೂನಿಕ್ಸಿನಲ್ಲಿ ಜಾಗ್ರತೆಯನ್ನು ಕೇಳಿ ಪಡೆಯಬೇಕು, ವಿಎಂಎಸ್‌ನಲ್ಲಿ ಅಜಾಗ್ರತೆಯನ್ನು ಕೇಳಿ ಪಡೆಯಬೇಕು. ಬ್ಯಾಂಕು, ಆಸ್ಪತ್ರೆ, ಷೇರುಪೇಟೆಗಳಲ್ಲಿ ವಿಎಂಎಸ್ ದಶಕಗಳ ಕಾಲ ಉಳಿದದ್ದರ ಹಿಂದೆ ಈ ಸ್ವಭಾವದ ಪಾತ್ರವೂ ಇದೆ. ದೆಹಲಿಯ ರಿಸರ್ವೇಷನ್ನಿನಲ್ಲೂ ಅದು ಉಳಿಯಿತು. ವ್ಯಾಕ್ಸ್ ಹೋಗಿ ಆಲ್ಫಾ ಬಂತು, ಆಲ್ಫಾ ಹೋಗಿ ಇಟಾನಿಯಂ ಬಂತು. ಡಿಜಿಟಲ್ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು, ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯೊಳಗೆ ಸೇರಿತು. ಯಂತ್ರ ಬದಲಾಯಿತು, ಮಾಲೀಕರು ಬದಲಾದರು, ವಿಎಂಎಸ್ ಮಾತ್ರ ಮುಂದುವರಿಯಿತು.

ಒಂದು ಬಸ್ಸಿನಲ್ಲಿ ಎಲ್ಲರೂ

ಪ್ರತಿ ಬರಹಕ್ಕೂ ಡಿಸ್ಕನ್ನು ಕಾಯುವುದೇ ಆದರೆ ವೇಗ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಡೇಟಾಬೇಸ್ ಶಾಸ್ತ್ರ ಕಂಡುಕೊಂಡ ಉತ್ತರ ಮಂಡಿಯ ಗುಮಾಸ್ತರ ಉತ್ತರವೇ.

ಅಮೆರಿಕದ ಜಿಮ್ ಗ್ರೇ 1981ರ ಒಂದು ಪ್ರಬಂಧದಲ್ಲಿ ವ್ಯವಹಾರ ಎಂಬ ಕಲ್ಪನೆಯ ಬೇರು ಕರಾರಿನ ಕಾನೂನಿನಲ್ಲಿದೆ ಎಂದು ವಿವರಿಸಿದ್ದರು. ಕರಾರು ಒಂದೋ ಪೂರ್ತಿ ಆಗಬೇಕು ಇಲ್ಲವೇ ಆಗಲೇಬಾರದು. ಆದ ಮೇಲೆ ಅಳಿಸಲಾಗದು. 1983ರಲ್ಲಿ ಜರ್ಮನಿಯ ಥಿಯೊ ಹಾರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ ವ್ಯವಹಾರದ ನಾಲ್ಕು ಗುಣಗಳನ್ನು ಪಟ್ಟಿ ಮಾಡಿ ಆಸಿಡ್ ಎಂಬ ಹೆಸರು ಕೊಟ್ಟರು. ಅದರ ಕೊನೆಯ ಅಕ್ಷರ ಬಾಳಿಕೆಯದು. ಆಯಿತು ಎಂದು ಒಮ್ಮೆ ಹೇಳಿದ್ದು ಯಂತ್ರ ಬಿದ್ದೆದ್ದರೂ ಇರಬೇಕು ಎಂಬುದು ಅದರ ಅರ್ಥ.

ಬಾಳಿಕೆಯನ್ನು ಅಗ್ಗವಾಗಿ ಪಡೆಯುವ ದಾರಿ ಜರ್ನಲ್, ಅಂದರೆ ಕಿರ್ದಿ. ಖಾತೆಯ ಹತ್ತು ಪುಟಗಳನ್ನು ಹುಡುಕಿ ತಿದ್ದಲು ಡಿಸ್ಕಿನ ತೋಳು ಹತ್ತು ಕಡೆ ಓಡಾಡಬೇಕು. ಅದರ ಬದಲು ಏನೇನು ಬದಲಾಗಬೇಕು ಎಂಬುದನ್ನು ಒಂದೇ ಜಾಗದಲ್ಲಿ ಸಾಲಾಗಿ ಬರೆದುಬಿಟ್ಟರೆ ತೋಳು ಅಲ್ಲಾಡಬೇಕಾಗಿಲ್ಲ. ಕಿರ್ದಿಯ ಸಾಲು ಡಿಸ್ಕಿಗೆ ಬಿದ್ದ ಕೂಡಲೇ ಗ್ರಾಹಕರಿಗೆ ಆಯಿತು ಎನ್ನಬಹುದು. ಖಾತೆಯ ಪುಟಗಳು ಮೆಮೊರಿಯಲ್ಲಿ ತಿದ್ದಿಕೊಂಡು ನಿಧಾನವಾಗಿ ಡಿಸ್ಕಿಗೆ ಇಳಿಯಲಿ. ನಡುವೆ ಯಂತ್ರ ನಿಂತರೆ, ಎದ್ದ ಮೇಲೆ ಕಿರ್ದಿಯನ್ನು ಓದಿ ಖಾತೆಯನ್ನು ಸರಿಮಾಡಿಕೊಳ್ಳುತ್ತದೆ. ಈ ಚೇತರಿಕೆಯ ವಿಧಾನವನ್ನು 1992ರಲ್ಲಿ ಏರೀಸ್ ಎಂಬ ಹೆಸರಿನಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಮುಖ್ಯರು ಐಐಟಿ ಮದ್ರಾಸಿನಲ್ಲಿ ಓದಿ ಐಬಿಎಂನಲ್ಲಿದ್ದ ಸಿ. ಮೋಹನ್.

ಎರಡನೆಯ ಉಪಾಯ ಬಸ್ಸಿನದು. ಒಬ್ಬೊಬ್ಬ ಪ್ರಯಾಣಿಕರಿಗೂ ಒಂದೊಂದು ಬಸ್ಸು ಬಿಡುವುದಿಲ್ಲ. ಹತ್ತು ಜನ ಸೇರುವವರೆಗೆ ಸ್ವಲ್ಪ ನಿಂತು ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುತ್ತಾರೆ. ಹಾಗೆಯೇ, ಒಂದು ಟಿಕೆಟ್ಟಿಗೆ ಡಿಸ್ಕಿನ ಒಂದು ಸುತ್ತು ಖರ್ಚು ಮಾಡುವ ಬದಲು ಅಷ್ಟರಲ್ಲಿ ಬಂದ ಇಪ್ಪತ್ತು ಟಿಕೆಟ್ಟುಗಳ ಕಿರ್ದಿ ಸಾಲುಗಳನ್ನು ಒಂದೇ ಬರಹದಲ್ಲಿ ಇಳಿಸಬಹುದು. ಸೆಕೆಂಡಿಗೆ 60 ಇದ್ದದ್ದು 1,200 ಆಗುತ್ತದೆ. ಒಬ್ಬೊಬ್ಬರೂ ಕೆಲವು ಮಿಲಿಸೆಕೆಂಡು ಹೆಚ್ಚು ಕಾಯುತ್ತಾರೆ, ಆದರೆ ಡಿಸ್ಕಿಗೆ ಬೀಳದೆ ಯಾರಿಗೂ ಆಯಿತು ಎಂದು ಹೇಳಿರುವುದಿಲ್ಲ. ಗುಂಪಾಗಿ ಖಾತ್ರಿ ಮಾಡುವ ಈ ಪದ್ಧತಿಯನ್ನು ಡೇವಿಡ್ ಡೆವಿಟ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದ್ದರು. ಕಾಯುವುದನ್ನು ಬಿಟ್ಟುಬಿಡುವ ಬದಲು ಹಂಚಿಕೊಳ್ಳುವ ದಾರಿ ಇದು. ಇಂದಿನ ಡೇಟಾಬೇಸುಗಳೂ ಇದನ್ನೇ ಮಾಡುತ್ತವೆ.

ಪಿಎನ್‌ಆರ್‌ನ ಮೊದಲ ಅಂಕಿ

ದೆಹಲಿಯ ನಂತರ ಮುಂಬೈ, ಕಲ್ಕತ್ತಾ, ಮದ್ರಾಸು, ಸಿಕಂದರಾಬಾದುಗಳಿಗೂ ಕಂಪ್ಯೂಟರ್ ರಿಸರ್ವೇಷನ್ ಬಂತು. ಆದರೆ ಐದೂ ಊರುಗಳು ಐದು ದ್ವೀಪಗಳಾಗಿದ್ದವು. ದೆಹಲಿಯ ಕನ್ನಡಿಗರ ವಾಪಸು ಟಿಕೆಟ್ಟಿನ ಚಿಂತೆ ತೀರಿರಲಿಲ್ಲ. ಅದನ್ನು ತೀರಿಸುವ ಹೊಣೆ 1986ರಲ್ಲಿ ರೈಲ್ವೆ ಸಚಿವಾಲಯದಡಿ ಸ್ಥಾಪನೆಯಾದ ಕ್ರಿಸ್ ಸಂಸ್ಥೆಗೆ ಬಂತು. ದೆಹಲಿಯ ಚಾಣಕ್ಯಪುರಿಯಲ್ಲಿ ಅದರ ಕಚೇರಿ. ಕ್ರಿಸ್ ಬರೆದ ಹೊಸ ತಂತ್ರಾಂಶದ ಹೆಸರು ಕಾನ್ಸರ್ಟ್. ಅದು 1994ರಲ್ಲಿ ಮೊದಲು ಸಿಕಂದರಾಬಾದಿನಲ್ಲಿ ಬಳಕೆಗೆ ಬಂತು. 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳು ಜೋಡಣೆಯಾದವು.

ಐದು ಊರುಗಳನ್ನು ಜೋಡಿಸಲು ಎರಡು ದಾರಿಗಳಿದ್ದವು. ಎಲ್ಲ ರೈಲುಗಳ ಲೆಕ್ಕದ ಪ್ರತಿಯನ್ನು ಐದೂ ಕಡೆ ಇಡಬಹುದಿತ್ತು. ಆಗ ಬೆಂಗಳೂರು ರೈಲಿನ ಬರ್ತನ್ನು ದೆಹಲಿಯವರು ದೆಹಲಿಯ ಡಿಸ್ಕಿನಲ್ಲೇ ನೋಡಿ ಥಟ್ಟನೆ ಮಾರಬಹುದು. ಆದರೆ ಅದೇ ಗಳಿಗೆಯಲ್ಲಿ ಮುಂಬೈಯವರೂ ತಮ್ಮ ಪ್ರತಿ ನೋಡಿ ಅದೇ ಬರ್ತನ್ನು ಮಾರಿದರೆ? ಐದೂ ಪ್ರತಿಗಳು ಒಪ್ಪುವವರೆಗೆ ಕಾಯಬೇಕೆಂದರೆ ಪ್ರತಿ ಟಿಕೆಟ್ಟೂ ದೇಶವಿಡೀ ಸುತ್ತಿ ಬರಬೇಕು. ಕಾನ್ಸರ್ಟ್ ಆರಿಸಿಕೊಂಡದ್ದು ಇನ್ನೊಂದು ದಾರಿ. ಒಂದೊಂದು ರೈಲಿನ ಲೆಕ್ಕಕ್ಕೂ ಒಂದೇ ಊರು ಹೊಣೆ. ಬೇರೆ ಊರಿನ ಕೋರಿಕೆ ಆ ಊರಿಗೆ ಪ್ರಯಾಣ ಮಾಡಿ, ಅಲ್ಲಿಯ ಡಿಸ್ಕಿನಲ್ಲಿ ದಾಖಲಾಗಿ, ಉತ್ತರ ತರುತ್ತದೆ.

ಈ ಏರ್ಪಾಡಿನ ಗುರುತು ಇಂದಿಗೂ ಪ್ರತಿ ಟಿಕೆಟ್ಟಿನ ಮೇಲಿದೆ. ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆಯ ಮೊದಲ ಅಂಕಿ ಆ ಟಿಕೆಟ್ ಯಾವ ಕೇಂದ್ರದ್ದು ಎಂದು ಹೇಳುತ್ತದೆ: ಸಾಮಾನ್ಯವಾಗಿ 1 ಎಂದರೆ ಸಿಕಂದರಾಬಾದು, 2 ಮತ್ತು 3 ದೆಹಲಿ, 4 ಮತ್ತು 5 ಚೆನ್ನೈ, 6 ಮತ್ತು 7 ಕೋಲ್ಕತ್ತಾ, 8 ಮತ್ತು 9 ಮುಂಬೈ. ಬೆಂಗಳೂರಿನಿಂದ ಹೊರಡುವವರ ಟಿಕೆಟ್ಟಿನಲ್ಲಿ 4 ಮತ್ತೆ ಮತ್ತೆ ಕಾಣುವುದಕ್ಕೆ ಕಾರಣ ಇದೇ.

ದೂರದ ಊರಿಗೆ ಕೋರಿಕೆ ಕಳಿಸಿದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ದೆಹಲಿಯಿಂದ ಚೆನ್ನೈಗೆ ಕೋರಿಕೆ ಹೋಯಿತು. ಅಲ್ಲಿ ಬರ್ತ್ ದಾಖಲಾಯಿತು. ಉತ್ತರ ಬರುವ ದಾರಿಯಲ್ಲಿ ಲೈನು ಕಡಿದುಹೋಯಿತು. ದೆಹಲಿಯ ಗುಮಾಸ್ತರಿಗೆ ಟಿಕೆಟ್ ಆಗಿದೆಯೋ ಇಲ್ಲವೋ ತಿಳಿಯದು. ಇನ್ನೊಮ್ಮೆ ಒತ್ತಿದರೆ ಎರಡು ಟಿಕೆಟ್ ಆಗಬಹುದು. ಒತ್ತದೆ ಬಿಟ್ಟರೆ ಒಂದು ಬರ್ತ್ ಯಾರಿಗೂ ಸಿಗದೆ ಖಾಲಿ ಹೋಗಬಹುದು. ಇದನ್ನು ನಿಭಾಯಿಸಲು ಕಾನ್ಸರ್ಟ್ ಬಳಸಿದ್ದು ಡಿಜಿಟಲ್ ಕಂಪನಿಯ ರಿಲಯಬಲ್ ಟ್ರಾನ್ಸಾಕ್ಷನ್ ರೂಟರ್ ಎಂಬ ನಡುವಣ ತಂತ್ರಾಂಶವನ್ನು. ಟರ್ಮಿನಲ್ಲುಗಳ ಕಡೆಗೊಂದು ಪದರ, ದಾರಿ ತೋರಿಸಲು ಒಂದು ಪದರ, ಲೆಕ್ಕ ಇರುವ ಯಂತ್ರಗಳ ಬಳಿ ಒಂದು ಪದರ. ಕೊನೆಯ ಪದರ ನಡೆಯುತ್ತಿರುವ ವ್ಯವಹಾರಗಳ ಕಿರ್ದಿಯನ್ನು ಡಿಸ್ಕಿನಲ್ಲಿ ಇಡುತ್ತದೆ. ಯಂತ್ರ ನಡುವೆ ನಿಂತರೆ, ಎದ್ದ ಮೇಲೆ ಆ ಕಿರ್ದಿ ನೋಡಿ ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತದೆ ಇಲ್ಲವೇ ರದ್ದು ಮಾಡುತ್ತದೆ. ಬೇಕಾದರೆ ಒಂದೇ ವ್ಯವಹಾರವನ್ನು ಎರಡು ಜಾಗಗಳಲ್ಲಿ ಜೊತೆಜೊತೆಗೆ ನಡೆಸಿ, ಒಂದು ಬಿದ್ದರೆ ಇನ್ನೊಂದು ಮುಂದುವರಿಯುವಂತೆಯೂ ಮಾಡಬಹುದು.

ಕರೆಂಟು ಹೋದ ರಾತ್ರಿ

2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ದೆಹಲಿ ಕತ್ತಲಾಯಿತು. ರೈಲುಗಳು ಹಳಿಗಳ ಮೇಲೆ ನಿಂತವು, ಬೆಳಗಿನ ಮೆಟ್ರೊ ಸ್ತಬ್ಧವಾಯಿತು. ಮರುದಿನ ಮಧ್ಯಾಹ್ನ ಜಾಲ ಮತ್ತೆ ಕುಸಿದಾಗ ಪೂರ್ವ, ಈಶಾನ್ಯ ಭಾಗಗಳೂ ಸೇರಿ ಸುಮಾರು 60 ಕೋಟಿ ಜನರಿಗೆ ಕರೆಂಟಿರಲಿಲ್ಲ.

ದೊಡ್ಡ ಕಂಪ್ಯೂಟರ್ ಕೇಂದ್ರಗಳು ಬ್ಯಾಟರಿ, ಡೀಸೆಲ್ ಜನರೇಟರ್ ಇಟ್ಟುಕೊಳ್ಳುವುದು ಇಂಥ ದಿನಗಳಿಗೇ. ಆದರೆ ಬ್ಯಾಟರಿಯೂ ಒಂದು ದಿನ ಕೈಕೊಡುತ್ತದೆ ಎಂದುಕೊಂಡೇ ಲೆಕ್ಕ ಇಡಬೇಕು. ಡಿಸ್ಕುಗಳೇ ಸುಳ್ಳು ಹೇಳುವುದೂ ಉಂಟು. ಡಿಸ್ಕಿನೊಳಗೂ ಒಂದು ಸಣ್ಣ ಮೆಮೊರಿ ಇರುತ್ತದೆ. ಬರಹ ಅಲ್ಲಿಗೆ ಬಿದ್ದೊಡನೆಯೇ, ತಟ್ಟೆಯ ಮೇಲೆ ಬೀಳುವ ಮೊದಲೇ, ಆಯಿತು ಎಂದು ಉತ್ತರಿಸುವ ಡಿಸ್ಕುಗಳಿವೆ. ಸರ್ವರ್ ತಯಾರಕರು ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಆ ಮೆಮೊರಿಗೇ ಒಂದು ಪುಟ್ಟ ಬ್ಯಾಟರಿ ಅಥವಾ ಕೆಪಾಸಿಟರ್ ಕೂಡಿಸುವುದು. ಕರೆಂಟು ಹೋದರೂ ಮೆಮೊರಿಯಲ್ಲಿದ್ದದ್ದು ಉಳಿದುಕೊಳ್ಳುವಷ್ಟು ಶಕ್ತಿ ಅದಕ್ಕಿರುತ್ತದೆ. ಮೆಮೊರಿಯ ವೇಗ, ಡಿಸ್ಕಿನ ಬಾಳಿಕೆ, ಎರಡೂ ಒಟ್ಟಿಗೆ ಸಿಗುತ್ತವೆ. ಬೆಲೆಯನ್ನು ಸಮಯದ ಬದಲು ಹಣದಲ್ಲಿ ತೆತ್ತಂತಾಯಿತು.

ಅಷ್ಟು ಹಣ ತೆರಲಾಗದ ಸಾಮಾನ್ಯ ಕಂಪ್ಯೂಟರುಗಳಲ್ಲಿ ಎಳೆದಾಟ ಮುಂದುವರಿದಿತ್ತು. 2008ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಜಾಗ್ರತೆಯಿಂದ ಮತ್ತೆ ಮತ್ತೆ ಎಫ್‌ಸಿಂಕ್ ಕರೆದದ್ದಕ್ಕೆ ಲಿನಕ್ಸ್ ಬಳಕೆದಾರರ ಯಂತ್ರಗಳು ಆಗಾಗ ಕ್ಷಣಕಾಲ ಸ್ತಬ್ಧವಾದವು. 2009ರಲ್ಲಿ ಲಿನಕ್ಸಿನ ಹೊಸ ಫೈಲ್ ವ್ಯವಸ್ಥೆ ಎಕ್ಸ್ಟ್4 ವೇಗಕ್ಕಾಗಿ ಬರಹವನ್ನು ಇನ್ನಷ್ಟು ತಡಮಾಡಿದಾಗ, ಎಫ್‌ಸಿಂಕ್ ಕರೆಯದ ಪ್ರೋಗ್ರಾಂಗಳ ಫೈಲುಗಳು ಯಂತ್ರ ಕುಸಿದು ಎದ್ದಮೇಲೆ ಖಾಲಿಯಾಗಿ ಸಿಕ್ಕವು. 2018ರಲ್ಲಂತೂ ಇನ್ನೊಂದು ಆಘಾತ: ಎಫ್‌ಸಿಂಕ್ ಒಮ್ಮೆ ಸೋತು, ಪ್ರೋಗ್ರಾಂ ಮತ್ತೆ ಕರೆದರೆ ಲಿನಕ್ಸ್ “ಆಯಿತು” ಎನ್ನಬಹುದು, ಆದರೆ ಮೊದಲ ಬರಹ ಡಿಸ್ಕಿಗೆ ಹೋಗಿರುವುದೇ ಇಲ್ಲ ಎಂಬುದನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಕಂಡುಕೊಂಡರು. ವರ್ಷಗಳಿಂದ ನಂಬಿದ್ದ ಮಾತು ಅದು. ಎಫ್‌ಸಿಂಕ್ ಸೋತರೆ ಮತ್ತೆ ಪ್ರಯತ್ನಿಸದೆ ಡೇಟಾಬೇಸನ್ನೇ ನಿಲ್ಲಿಸಿ, ಕಿರ್ದಿಯಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳುವಂತೆ ಅವರು ತಂತ್ರಾಂಶವನ್ನು ತಿದ್ದಿದರು.

ಬೆಳಗಿನ ಹತ್ತು ಗಂಟೆ

ರಿಸರ್ವೇಷನ್ ಕಚೇರಿಯ ಕ್ಯೂಗೆ ಒಂದು ಮಿತಿಯಿತ್ತು. ಕಿಟಕಿಗಳು ಎಷ್ಟಿವೆಯೋ ಅಷ್ಟೇ ಜನ ಒಮ್ಮೆಗೆ ಕೇಳಬಲ್ಲರು. 1997ರ ಡಿಸೆಂಬರಿನಲ್ಲಿ ತತ್ಕಾಲ್ ಬಂತು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿಯ ಮೂಲಕ ಇಂಟರ್ನೆಟ್ ಟಿಕೆಟ್ ಬಂತು. ಎರಡೂ ಸೇರಿ ಕಿಟಕಿಗಳ ಮಿತಿಯನ್ನು ಕಿತ್ತುಹಾಕಿದವು. ಬೆಳಿಗ್ಗೆ ತತ್ಕಾಲ್ ತೆರೆಯುವ ಗಳಿಗೆಗೆ ದೇಶದ ಲಕ್ಷಾಂತರ ಜನ ಒಂದೇ ಕ್ಷಣದಲ್ಲಿ ಒಂದೇ ಬಾಗಿಲು ತಟ್ಟತೊಡಗಿದರು. ಪುಟ ತೆರೆಯದೆ, ಚಕ್ರ ತಿರುಗುತ್ತಲೇ ಇದ್ದು, ತೆರೆಯುವಷ್ಟರಲ್ಲಿ ಟಿಕೆಟ್ ಮುಗಿದಿರುವುದು ಮನೆಮನೆಯ ಅನುಭವವಾಯಿತು.

2014ರ ಏಪ್ರಿಲ್ 28ರಂದು ಕ್ರಿಸ್ ಹೊಸ ಇ-ಟಿಕೆಟ್ ವ್ಯವಸ್ಥೆಯನ್ನು ಚಾಲೂ ಮಾಡಿತು. ಹಳೆಯದು ನಿಮಿಷಕ್ಕೆ 2,000 ಟಿಕೆಟ್ ಕೊಡಬಲ್ಲದಾಗಿದ್ದರೆ ಹೊಸದರ ಗುರಿ 7,200. ಒಮ್ಮೆಗೆ 40,000 ಬಳಕೆದಾರರ ಜಾಗದಲ್ಲಿ 1,20,000. ಇಲ್ಲಿ ಕ್ರಿಸ್ ಡೇಟಾವನ್ನು ಮೆಮೊರಿಯಲ್ಲೇ ಇಟ್ಟು ಬಡಿಸುವ ಜೆಮ್‌ಫೈರ್ ಎಂಬ ತಂತ್ರಾಂಶ ಬಳಸಿತು. ಕರೆಂಟು ಹೋದರೆ ಅಳಿಯುವ ಮೆಮೊರಿಯನ್ನೇ ನೆಚ್ಚಿಕೊಂಡರೆ ಮೂವತ್ತು ವರ್ಷದ ಜಾಗ್ರತೆ ಏನಾಯಿತು ಎಂದು ಕೇಳಬಹುದು.

ಅಲ್ಲಿ ನಡೆದದ್ದು ಒಂದು ವಿಂಗಡಣೆ. ರೈಲುಗಳ ವೇಳಾಪಟ್ಟಿ, ಯಾವ ರೈಲು ಎಲ್ಲಿಗೆ ಹೋಗುತ್ತದೆ, ಸೀಟು ಉಂಟೇ ಎಂಬ ವಿಚಾರಣೆ, ಬಳಕೆದಾರರ ಲಾಗಿನ್, ಇವೆಲ್ಲ ಕಳೆದುಹೋದರೆ ಮತ್ತೆ ಕೇಳಿ ಪಡೆಯಬಹುದಾದವು. ಇವುಗಳಲ್ಲಿ ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಇವು ಮೆಮೊರಿಯಲ್ಲಿರಲಿ. ಬರ್ತ್ ಒಬ್ಬರ ಹೆಸರಿಗೆ ಆಗುವ ಕೊನೆಯ ಹೆಜ್ಜೆ ಮಾತ್ರ ಹಿಂದಿನಂತೆಯೇ ಮೂಲ ರಿಸರ್ವೇಷನ್ ವ್ಯವಸ್ಥೆಗೆ ಹೋಗಿ, ಅಲ್ಲಿಯ ಡಿಸ್ಕಿನಲ್ಲಿ ಬಿದ್ದು ಬರಬೇಕು. ನೂರು ಕೋರಿಕೆಗಳಲ್ಲಿ ಬಹುಪಾಲು ವಿಚಾರಣೆಗಳೇ ಆಗಿರುವಾಗ, ಅವನ್ನು ಡಿಸ್ಕಿನ ದಾರಿಯಿಂದ ತೆಗೆದುಬಿಟ್ಟರೆ ನಿಜವಾದ ಟಿಕೆಟ್ಟುಗಳಿಗೆ ದಾರಿ ತೆರವಾಗುತ್ತದೆ.

ಇಷ್ಟಾದರೂ ಒಂದು ಬಿರುಕು ಉಳಿಯಿತು. ಇಂಟರ್ನೆಟ್ ಟಿಕೆಟ್ಟಿನಲ್ಲಿ ಎರಡು ಕಿರ್ದಿಗಳಿವೆ, ಒಂದು ರೈಲ್ವೆಯದು, ಇನ್ನೊಂದು ಬ್ಯಾಂಕಿನದು. ಎರಡಕ್ಕೂ ಬೇರೆ ಬೇರೆ ಯಜಮಾನರು. ಬ್ಯಾಂಕಿನ ಕಿರ್ದಿಯಲ್ಲಿ ಹಣ ಕಡಿತವಾಗಿ, ಆ ಸುದ್ದಿ ರೈಲ್ವೆಗೆ ತಲುಪುವಷ್ಟರಲ್ಲಿ ಗಡುವು ಮೀರಿದರೆ, ಹಣ ಹೋಗಿರುತ್ತದೆ, ಟಿಕೆಟ್ ಇರುವುದಿಲ್ಲ. ಎರಡೂ ಕಡೆ ಬಾಳಿಕೆ ಪಕ್ಕಾ ಇದ್ದರೂ ಈ ಎಡವಟ್ಟು ಆಗುತ್ತದೆ. ಒಂದೊಂದೂ ತನ್ನ ಪುಸ್ತಕದ ಮಟ್ಟಿಗೆ ಸರಿಯೇ. ಇದಕ್ಕೆ ಇರುವ ಮದ್ದು ಎರಡೂ ಕಿರ್ದಿಗಳನ್ನು ಆಮೇಲೆ ತಾಳೆ ನೋಡಿ ಹಣ ವಾಪಸು ಮಾಡುವುದು. ಮಗಳ ಮದುವೆಗೆ ಊರಿಗೆ ಹೊರಟವರಿಗೆ ಹಣ ಕೆಲವು ದಿನಗಳಲ್ಲಿ ಮರಳುತ್ತದೆ, ಆ ಬರ್ತ್ ಮರಳುವುದಿಲ್ಲ.

ಚಾರ್ಟು ಮತ್ತು ಮಧ್ಯರಾತ್ರಿ

ರೈಲ್ವೆ ಸಚಿವಾಲಯ ಕೊಟ್ಟ ಲೆಕ್ಕದಂತೆ 2025ರ ಮೇ 22ರಂದು ಒಂದೇ ನಿಮಿಷದಲ್ಲಿ 31,814 ಟಿಕೆಟ್ ಬುಕ್ ಆದವು. ಸೆಕೆಂಡಿಗೆ 530. ಅದೇ ವರ್ಷ ಜೂನಿನಲ್ಲಿ ಪ್ರಕಟಿಸಿದ ಯೋಜನೆಯಂತೆ ಹೊಸ ವ್ಯವಸ್ಥೆಯ ಗುರಿ ನಿಮಿಷಕ್ಕೆ 1,50,000 ಟಿಕೆಟ್ ಮತ್ತು 40 ಲಕ್ಷ ವಿಚಾರಣೆ. ಟಿಕೆಟ್ಟಿನ ಗುರಿ ಸುಮಾರು ಐದು ಪಟ್ಟು, ವಿಚಾರಣೆಯದು ಹತ್ತು ಪಟ್ಟು. ಕಳೆದುಕೊಳ್ಳಬಹುದಾದದ್ದನ್ನು ಹೆಚ್ಚಿಸುವುದು ಸುಲಭ, ಕಳೆದುಕೊಳ್ಳಬಾರದ್ದನ್ನು ಹೆಚ್ಚಿಸುವುದು ಕಷ್ಟ ಎಂಬುದು ಈ ಎರಡು ಸಂಖ್ಯೆಗಳ ಅಂತರದಲ್ಲೂ ಕಾಣುತ್ತದೆ.

ಕಂಪ್ಯೂಟರ್ ಬಂದು ಮೂರು ದಶಕವಾದರೂ ರೈಲ್ವೆ ಕಾಗದವನ್ನು ಪೂರ್ತಿ ಬಿಟ್ಟಿರಲಿಲ್ಲ. ರೈಲು ಹೊರಡುವ ಮುನ್ನ ಯಂತ್ರದಲ್ಲಿದ್ದ ಪಟ್ಟಿಯನ್ನು ಮುದ್ರಿಸಿ, ಒಂದು ಪ್ರತಿಯನ್ನು ಟಿಟಿಇ ಕೈಗೆ ಕೊಟ್ಟು, ಇನ್ನೊಂದನ್ನು ಬೋಗಿಯ ಬಾಗಿಲ ಪಕ್ಕ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಆ ಮೇಲೆ ದೆಹಲಿಯ ಯಂತ್ರಗಳೆಲ್ಲ ನಿಂತುಹೋದರೂ ರೈಲಿನೊಳಗೆ ಯಾರ ಬರ್ತ್ ಯಾರದು ಎಂಬುದಕ್ಕೆ ಲಿಖಿತ ಪುರಾವೆ ಇರುತ್ತಿತ್ತು. ದೊಡ್ಡ ನಿಲ್ದಾಣಗಳಲ್ಲಿ ಬೋಗಿಗೆ ಚಾರ್ಟ್ ಅಂಟಿಸುವುದನ್ನು 2018ರ ಮಾರ್ಚ್ 1ರಿಂದ ನಿಲ್ಲಿಸತೊಡಗಿದರು. ಟಿಟಿಇಗಳ ಕೈಗೂ ಕಾಗದದ ಬದಲು ಯಂತ್ರ ಬಂತು.

ಒಂದು ಹಳೆಯ ಪದ್ಧತಿ ಮಾತ್ರ ದಶಕಗಳಿಂದ ಉಳಿದುಬಂದಿದೆ. ದಿನವೂ ರಾತ್ರಿ 11.45ಕ್ಕೆ ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾರಾಟ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪ್ರಯತ್ನಿಸಿದವರಿಗೆ ಸೇವೆ ಲಭ್ಯವಿಲ್ಲ ಎಂಬ ಒಂದು ಸಾಲು ಕಾಣುತ್ತದೆ. ಒಳಗೆ ದಿನದ ಮುಕ್ತಾಯದ ಕೆಲಸ, ನಿರ್ವಹಣೆ ನಡೆಯುತ್ತಿರುತ್ತದೆ. ಬಾಗಿಲು ಹಾಕಿಕೊಂಡು ಮಂಡಿಯ ಗುಮಾಸ್ತರು ಕಿರ್ದಿಯನ್ನು ಖಾತೆಗೆ ಏರಿಸುತ್ತಿದ್ದ ಹೊತ್ತೂ ಹೆಚ್ಚು ಕಡಿಮೆ ಇದೇ. ರಾತ್ರಿ 12.20ಕ್ಕೆ ಕಿಟಕಿ ಮತ್ತೆ ತೆರೆಯುತ್ತದೆ.